ಬಾವಿಗೆ ಬಂದ ಸೂತಕ

ಹೈದರಾಬಾದಿನ ನಾಚಾರಂನ ಆ ಬಾವಿಯ ನೀರಿನ ರುಚಿ ನನಗೆ ಚೆನ್ನಾಗಿ ನೆನಪಿದೆ ಎಂದು ಬರೆಯಲು ಹೊರಟವಳು ಅಲ್ಲೇ ನಿಲ್ಲಿಸಿದೆ. ನೆನಪಿರುವುದು ರುಚಿಯೋ, ಆ ರುಚಿಯ ಬಗ್ಗೆ ನಮ್ಮ ಮನೆಯಲ್ಲಿ ಆಡಿಕೊಳ್ಳುತ್ತಿದ್ದ ಮಾತೋ ನನಗೆ ಖಚಿತವಿಲ್ಲ. ಚಿಕ್ಕವಳಿದ್ದಾಗ ವರ್ಷಕ್ಕೊಮ್ಮೆ ಅಜ್ಜನ ಶ್ರಾದ್ಧಕ್ಕೆ ಮೆಹದಿಪಟ್ಟಣಂನಿಂದ ಬಸ್ಸು ಬದಲಿಸಿ ಅಲ್ಲಿಗೆ ಹೋಗುತ್ತಿದ್ದೆವು. ಹಸಿವಾಗಿರುತ್ತಿತ್ತು, ಊಟ ತಡವಾಗುತ್ತಿತ್ತು. ಹಸಿದ ಮಗುವಿಗೆ ಯಾವ ನೀರೂ ಸಿಹಿಯೇ.

ಶ್ರಾದ್ಧಕ್ಕೆ ನಾಚಾರಂಗೇ ಏಕೆ ಹೋಗಬೇಕಿತ್ತೆಂದರೆ ಅಲ್ಲಿ ಬಾವಿ ಇತ್ತು. ಪಿತೃಗಳಿಗೆ ಮಾಡುವ ಅಡಿಗೆಯ ನೀರನ್ನು ಸ್ನಾನ ಮಾಡಿ, ಒದ್ದೆ ಬಟ್ಟೆ ಉಟ್ಟು, ಯಾರನ್ನೂ ಮುಟ್ಟದೆ ಮಡಿಯಲ್ಲಿ ಸೇದಬೇಕು. ನಲ್ಲಿಯ ನೀರು ಆಗದು. ನಲ್ಲಿಯೊಳಗೆ ತೊಗಲಿನ ವಾಷರ್ ಇರುತ್ತದೆ ಎಂದು ನಮ್ಮ ಹಿರಿಯರು ಅದನ್ನು ದೂರವಿಟ್ಟಿದ್ದರು. ವಾಷರ್ ರಬ್ಬರಿನದಾಗಿ ಎಷ್ಟೋ ಕಾಲವಾದರೂ ನಿಯಮ ಮಾತ್ರ ಬದಲಾಗಲಿಲ್ಲ. ಸರಕಾರಿ ನೌಕರಿ ಹಿಡಿದು ಕಲಬುರಗಿ, ರಾಯಚೂರು, ಬೀದರ ಕಡೆಯಿಂದ ಬಂದು ಹೈದರಾಬಾದಿನ ಫ್ಲ್ಯಾಟುಗಳಲ್ಲಿ ನೆಲೆಸಿದ ನಮ್ಮಂಥ ಮನೆಗಳವರು ತಿಥಿಯ ದಿನ ಆ ಬಾವಿಯಿದ್ದ ಮನೆಗೆ ಹೋಗುತ್ತಿದ್ದರು. ಹಿತ್ತಿಲಲ್ಲಿ ಕಲ್ಲು ಕಟ್ಟಿದ ಬಾವಿ, ಅದರ ಮೇಲೆ ಹಗ್ಗ ಹಾಯಿಸುವ ಕಬ್ಬಿಣದ ಗಡಗಡಿ, ಪಕ್ಕದಲ್ಲಿ ಒಲೆಯ ಕೋಣೆ. ನೀರು ಸೇದಿ ಅಡಿಗೆ ಮಾಡುತ್ತಿದ್ದವರು ಆ ಮನೆಯ ಯಜಮಾನಿ. ಎಲ್ಲರ ಬಾಯಲ್ಲೂ ಅವರು ಬಾವಿಮನಿ ಕಾಕು, ಬಾವಿಮನೆಯ ಚಿಕ್ಕಮ್ಮ.

ನಾನು ಓದಿದ್ದು ಭೂರಸಾಯನಶಾಸ್ತ್ರ. ಈಗ ಕೊಂಡಾಪುರದ ಒಂದು ಸಣ್ಣ ಕಚೇರಿಯಲ್ಲಿದ್ದೇನೆ. ಎಲ್ಲಾದರೂ ಪೆಟ್ರೋಲು, ಡೀಸೆಲು ಸೋರಿ ನೆಲ ಸೇರಿದರೆ ಆ ಮಣ್ಣನ್ನೂ ಅಂತರ್ಜಲವನ್ನೂ ಶುದ್ಧ ಮಾಡುವ ದಾರಿಗಳನ್ನು ತೂಗಿ ನೋಡಿ, ಆ ಜಾಗಕ್ಕೆ ಯಾವುದು ಹೊಂದುತ್ತದೆ ಎಂದು ವರದಿ ಕೊಡುವುದು ನನ್ನ ಕೆಲಸ. ನಾಚಾರಂನಲ್ಲಿ ಪ್ಲಾಸ್ಟಿಕ್ ಡಬ್ಬಿ ಮಾಡುವ ಒಂದು ಚಿಕ್ಕ ಕಾರ್ಖಾನೆಯಿಂದ ಕರೆ ಬಂತು. ಜನರೇಟರಿಗೆಂದು ನೆಲದಡಿ ಹೂತಿದ್ದ ಡೀಸೆಲ್ ಟ್ಯಾಂಕಿನ ಪೈಪು ಬಿರುಕು ಬಿಟ್ಟಿತ್ತು, ಎಷ್ಟು ಕಾಲದಿಂದ ಸೋರುತ್ತಿತ್ತೋ ಯಾರಿಗೂ ತಿಳಿದಿರಲಿಲ್ಲ. ವಿಳಾಸ ಓದಿದಾಗ ನನಗೇನೂ ಹೊಳೆಯಲಿಲ್ಲ. ಹೋಗಿ ಕಾಂಪೌಂಡಿನ ಬಳಿ ನಿಂತಾಗ ಗೋಡೆಯ ಆಚೆ ಗಡಗಡಿ ಕಂಡಿತು.

ಸಂಜೆ ಕಚೇರಿಯ ಹಿರಿಯರಿಗೆ ವಿಷಯ ತಿಳಿಸಿ, ಆ ಮನೆಯವರು ನನಗೆ ಬೇಕಾದವರು, ಈ ಕೆಲಸ ಬೇರೆಯವರಿಗೆ ಕೊಡಿ ಎಂದೆ. ಈ ಊರಿನಲ್ಲಿ ಪ್ರತಿ ಗೋಡೆಯ ಆಚೆಗೂ ಯಾರಾದರೊಬ್ಬರಿಗೆ ಬೇಕಾದವರು ಇರುತ್ತಾರೆ ಎಂದು ಅವರು ನಕ್ಕರು. ವರದಿಯನ್ನು ಇನ್ನೊಬ್ಬರು ಪರಿಶೀಲಿಸುತ್ತಾರೆ, ನೀನೇ ಮಾಡು ಎಂದರು.

ಮರುದಿನ ಕಾಕುವಿನ ಮನೆಗೆ ಹೋದೆ. ಬಾಗಿಲಲ್ಲೇ ನಿಲ್ಲಿಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ನಿಮ್ಮಪ್ಪನ ಮೂಗೇ ಇಟಗೊಂಡು ಬಂದೀ ನೋಡು. ಬಾ, ಆ ಮೂಗಿಗೆ ಏನು ವಾಸನಿ ಬರ್ತದ ಹೇಳು.”

ಕೊಡದಲ್ಲಿ ನೀರು ಸೇದಿಟ್ಟಿದ್ದರು. ಬಗ್ಗುವ ಮೊದಲೇ ವಾಸನೆ ಬಂತು. ಸೀಮೆಎಣ್ಣೆಯಂಥ ವಾಸನೆ ಎಂದು ಅಂದಿನ ಡೈರಿಯಲ್ಲಿ ಬರೆದಿದ್ದೇನೆ. ಈಗ ನೆನೆದರೆ ಮೂಗಿಗೆ ಬರುವುದು ಬಸ್ ನಿಲ್ದಾಣದ ಡೀಸೆಲ್ ವಾಸನೆ. ಎರಡರಲ್ಲಿ ಯಾವುದು ನಿಜವೋ.

ವಾಸನೆ ಬಂದ ದಿನವೇ ಕಾಕು ಶ್ರಾದ್ಧದ ಅಡಿಗೆ ನಿಲ್ಲಿಸಿದ್ದರಂತೆ. ಮಗ ಸೊಸೆ ಮೇಲಿನ ಅಂತಸ್ತಿನಲ್ಲಿದ್ದರು. ಮಗನಿಗೆ ಕೆಲಸವಿತ್ತು, ಊಟಕ್ಕೆ ಕೊರತೆ ಇರಲಿಲ್ಲ. ತಿಥಿ ಗೊತ್ತು ಮಾಡಿದ್ದ ಮನೆಗಳಿಗೆಲ್ಲ ತಾವೇ ಫೋನು ಮಾಡಿ, ಬರಬೇಡಿ, ಮಠದಲ್ಲಿ ಮಾಡಿಸಿಕೊಳ್ಳಿ ಎಂದು ಹೇಳಿದ್ದರು. ಇದನ್ನೆಲ್ಲ ಅವರು ಅಕ್ಕಿ ಆರಿಸುತ್ತ, ದನಿ ಏರಿಸದೆ ಹೇಳಿದರು. ನಾನು ಏಳುವಾಗ ಮಾತ್ರ ಕೈ ನಿಲ್ಲಿಸಿದರು.

“ಬಾವಿ ಇದ್ರ ನಾ ಬಾವಿಮನಿ ಕಾಕು. ಬಾವಿ ಹೋತಂದ್ರ ಬರೇ ಕಾಕು. ಅಂಥಾ ಕಾಕುಗೋಳು ಓಣಿಗೆ ಹತ್ತು ಮಂದಿ ಇರ್ತಾರ.”

ಆ ಮಾತು ತಲೆಯಲ್ಲಿಟ್ಟುಕೊಂಡೇ ನಾನು ತಕ್ಕಡಿ ಹಿಡಿದೆ. ಅದು ಸರಿಯೇ ಎಂಬ ಪ್ರಶ್ನೆ ಆಗಲೂ ಇತ್ತು, ಈಗಲೂ ಇದೆ.

ಇಂಥ ಕಡೆ ಸಾಮಾನ್ಯವಾಗಿ ನಾಲ್ಕೈದು ದಾರಿಗಳಿರುತ್ತವೆ. ಎಣ್ಣೆ ಕುಡಿದ ಮಣ್ಣನ್ನೆಲ್ಲ ಅಗೆದು ಸಾಗಿಸುವುದು ಎಲ್ಲಕ್ಕಿಂತ ಬೇಗ ಮುಗಿಯುವ ದಾರಿ. ಆದರೆ ಮಣ್ಣು ಎಲ್ಲಿಗೆ ಹೋಗುತ್ತದೆಯೋ ಎಣ್ಣೆಯೂ ಅಲ್ಲಿಗೇ ಹೋಗುತ್ತದೆ. ನೆಲದ ನೀರನ್ನು ಮೇಲೆತ್ತಿ ಸೋಸಿ ಬಿಡಬಹುದು. ಮಣ್ಣಿಗೆ ಅಂಟಿಕೊಂಡ ಎಣ್ಣೆ ಹಾಗೆ ಎತ್ತಿದ ನೀರಿನ ಜೊತೆ ಬರುವುದು ಕಡಿಮೆ, ವರ್ಷಗಟ್ಟಲೆ ಪಂಪು ಓಡುತ್ತಲೇ ಇರುತ್ತದೆ. ಎಣ್ಣೆಯನ್ನು ಸುಡುವ ರಾಸಾಯನಿಕಗಳನ್ನು ನೆಲಕ್ಕೆ ಇಳಿಸಬಹುದು, ಪಕ್ಕದಲ್ಲಿ ಬಾವಿ ಇರುವಾಗ ನನಗೆ ಅದಕ್ಕೆ ಧೈರ್ಯ ಬರುವುದಿಲ್ಲ. ಏನೂ ಮಾಡದೆ ಬಿಟ್ಟು ನೀರನ್ನು ಪರೀಕ್ಷಿಸುತ್ತ ಕೂರಬಹುದು. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಡೀಸೆಲನ್ನು ತಿನ್ನುತ್ತವೆ, ಆದರೆ ನಿಧಾನ. ಇನ್ನೊಂದು ದಾರಿ ಅವುಗಳಿಗೆ ಉಸಿರು ಕೊಡುವುದು. ಎಣ್ಣೆ ತುಂಬಿದ ನೆಲದಲ್ಲಿ ಗಾಳಿ ಸಾಲದೆ ಅವು ಸೋತಿರುತ್ತವೆ. ಕೊಳವೆಗಳನ್ನಿಳಿಸಿ ಮೆಲ್ಲಗೆ ಗಾಳಿ ಊದಿದರೆ ಚುರುಕಾಗುತ್ತವೆ. ಪೆಟ್ರೋಲಾದರೆ ಗಾಳಿಯ ಜೊತೆ ತಾನೇ ಹಾರಿ ಹೋಗುತ್ತದೆ, ಡೀಸೆಲ್ ಭಾರ, ಅದನ್ನು ಯಾರಾದರೂ ತಿಂದೇ ಮುಗಿಸಬೇಕು.

ಕಾರ್ಖಾನೆಯ ಮಾಲೀಕರಿಗೆ ಮೊದಲ ದಾರಿಯೇ ಹಿಡಿಸಿತ್ತು. “ಜೆಸಿಬಿ ಪೆಟ್ಟಿ ತೀಸೇದ್ದಾಂ, ಮೇಡಂ,” ಎಂದು ಅವರು ತೆಲುಗಿನಲ್ಲಿ ಮೊದಲ ದಿನದಿಂದ ಹೇಳುತ್ತಲೇ ಇದ್ದರು. ಜೆಸಿಬಿ ಹಚ್ಚಿ ಎತ್ತಿ ಎಸೆದರೆ ಮುಗಿಯಿತು ಎಂದು. ಅವರು ಕೆಟ್ಟವರಲ್ಲ. ಸೋರಿದ್ದು ತಮ್ಮದೇ ಎಂದು ಒಪ್ಪಿದ್ದರು, ಬೇಗ ಮುಗಿಸುವುದೇ ಮರ್ಯಾದೆ ಎಂದುಕೊಂಡಿದ್ದರು. ಆದರೆ ಕೆಟ್ಟ ಮಣ್ಣು ಗೋಡೆಯ ಬುಡದವರೆಗೂ ಇತ್ತು, ಗೋಡೆಗೆ ಅಂಟಿಕೊಂಡಂತೆ ಆಚೆ ಬಾವಿ. ಅಷ್ಟು ಆಳ ಅಗೆದರೆ ಬಾವಿಯ ಕಲ್ಲುಕಟ್ಟಡ ಒಳಕ್ಕೆ ಕುಸಿಯುತ್ತದೆ, ಆದ್ದರಿಂದ ಅದನ್ನು ಮೊದಲೇ ಮುಚ್ಚಬೇಕಾಗುತ್ತಿತ್ತು. ಕಾಕುವಿನ ಅಂಗಳದಲ್ಲಿ ಒಂದು ಬೋರು ಹಾಕಿಸಿಕೊಡುತ್ತೇನೆ ಎಂದು ಮಾಲೀಕರು ಹೇಳಿದರು. ನಾನು ಅದನ್ನು ತಲುಪಿಸಿದೆ. ಬೋರಿಗೆ ಕೊಡ ಇಳಿಯುತ್ತದೆಯೇ ಎಂದಷ್ಟೇ ಕಾಕು ಕೇಳಿದರು.

ನಾನು ಗಾಳಿ ಊದುವ ದಾರಿಯನ್ನು ಸೂಚಿಸಿದೆ. ಕಾರಣವನ್ನೂ ಬರೆದೆ. ಮೊರಂ ಎಂಬ ಗರಸು ಮಣ್ಣಿನ ಕೆಳಗೆ ಬಿರುಕು ಬಿಟ್ಟ ಗ್ರಾನೈಟ್ ಇದೆ, ಆ ಬಿರುಕುಗಳಲ್ಲಿ ಇಳಿದಿರುವ ಎಣ್ಣೆ ಯಾವ ಜೆಸಿಬಿಗೂ ಸಿಗುವುದಿಲ್ಲ, ಅಗೆದರೂ ಅರ್ಧ ಅಲ್ಲೇ ಉಳಿಯುತ್ತದೆ. ಬಾವಿಯ ಮಾತನ್ನು ಬೇಕೆಂದೇ ಕೊನೆಯಲ್ಲಿಟ್ಟೆ. ಪರಿಶೀಲಿಸುವ ಸಹೋದ್ಯೋಗಿಗೆ ಅಂಕಿಗಳನ್ನಷ್ಟೇ ಕೊಟ್ಟು, ನನ್ನ ಆಯ್ಕೆ ಯಾವುದೆಂದು ಹೇಳಲಿಲ್ಲ. ಅವರೂ ಅದನ್ನೇ ಆರಿಸಿದರು. ಮನಸ್ಸು ಪೂರ್ತಿ ಹಗುರಾಗಲಿಲ್ಲ, ಏಕೆಂದರೆ ಆ ಅಂಕಿಗಳನ್ನು ಜೋಡಿಸಿದವಳೂ ನಾನೇ.

ಕೆಲವು ತಿಂಗಳು ನೋಡೋಣ ಎಂದು ಮಾಲೀಕರು ಒಪ್ಪಿದ ಮೇಲೆ ಬೇಸಿಗೆಯ ಕೊನೆಗೆ ಪ್ರಯೋಗ ಶುರುವಾಯಿತು. ಗೋಡೆಯ ಈಚೆ ಒಂದು ಸಣ್ಣ ಬ್ಲೋವರ್ ಗುಂಯ್ ಎನ್ನುತ್ತ ಓಡಿತು. ಬಾವಿಗೂ ಟ್ಯಾಂಕಿಗೂ ನಡುವೆ ಕೊರೆದ ಕೊಳವೆಗಳಿಂದ ನಮ್ಮ ಮೇಲ್ವಿಚಾರಕ ನೀರಿನ ಮಾದರಿ ತೆಗೆದು ಕಳಿಸುತ್ತಿದ್ದ. ಅವನು ವಿಜಯಪುರದ ಕಡೆಯವನು. ಕಾಕುವಿನ ಮನೆಯಲ್ಲಿ ರೊಟ್ಟಿ ಸಿಗುತ್ತದೆಂದು ತಿಳಿದ ಮೇಲೆ ನಾಚಾರಂನ ಕೆಲಸವನ್ನು ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ. ಮಳೆಗಾಲದಲ್ಲಿ ಅಂಕಿಗಳು ಇಳಿಯುತ್ತ ಬಂದವು. ನನಗೆ ಸಂತೋಷವಾಯಿತು. ಆ ಸಂತೋಷವನ್ನು ನಾನು ಆಗಲೇ ಅನುಮಾನಿಸಬೇಕಿತ್ತೇನೋ. ಅಥವಾ ಮುಂದಿನದು ತಿಳಿದಿರುವುದರಿಂದ ಈಗ ಹಾಗೆ ಅನಿಸುತ್ತಿರಬಹುದು.

ಭಾದ್ರಪದ ಮುಗಿಯುವುದರೊಳಗೆ ಪಕ್ಷಮಾಸ ಬರುತ್ತದೆ, ಎಲ್ಲ ಪಿತೃಗಳಿಗೂ ಶ್ರಾದ್ಧ ಮಾಡುವ ಕಾಲ. ಕಾಕುವಿನ ಮನೆಗೆ ಅತಿ ಹೆಚ್ಚು ಜನ ಬರುತ್ತಿದ್ದುದು ಆಗಲೇ. ಅದಕ್ಕೆ ಸ್ವಲ್ಪ ಮೊದಲು ಒಂದು ಬೆಳಿಗ್ಗೆ ಮೇಲ್ವಿಚಾರಕ ಫೋನು ಮಾಡಿದ.

“ಮೇಡಂ, ಲಗೂನ ಬರ್ರಿ. ಬಾವ್ಯಾಗ ಎಣ್ಣಿ ತೇಲಾಕತ್ತೈತಿ. ಬೆರಳ ದಪ್ಪ ಐತ್ರಿ. ಕಾಕುನೋರು ನನಗ ಇನ್ನ ರೊಟ್ಟಿ ಇಲ್ಲ ಅಂದಾರ.”

ಹೋಗಿ ನೋಡಿದೆ. ಮೊದಲು ವಾಸನೆಯಷ್ಟೇ ಇದ್ದ ನೀರಿನ ಮೇಲೆ ಈಗ ಕೆಂಗಂದು ಬಣ್ಣದ ಪದರವೇ ನಿಂತಿತ್ತು. ಮಾಲೀಕರು ಗೋಡೆಯ ಮೇಲಿಂದ ಇಣುಕಿ, ತಾವು ಅಂದದ್ದೇ ಸರಿ ಎಂಬಂತೆ ಕೈ ತಿರುಗಿಸಿದರು. ಕಾಕು ಒಲೆಯ ಕೋಣೆಯ ಮೆಟ್ಟಿಲ ಮೇಲೆ ಕೂತಿದ್ದರು.

“ನಿನ್ನ ಗಾಳಿ ಮಷಿನ್ನು ಎಣ್ಣೀನೆಲ್ಲಾ ಈ ಕಡೆ ತಳ್ಳೇದ,” ಎಂದರು.

ಅಷ್ಟು ಮೆಲ್ಲಗೆ ಊದುವ ಗಾಳಿ ಎಣ್ಣೆಯನ್ನು ತಳ್ಳಲಾರದು. ಅಂಗಳದಲ್ಲಿ ಎರಡು ದಪ್ಪ ಪೈಪುಗಳು ಸುರುಳಿ ಸುತ್ತಿ ಬಿದ್ದಿದ್ದವು.

“ಕಾಕು, ಮೋಟರ್ ಹಚ್ಚಿದ್ರೇನ್ರಿ?”

“ಹಚ್ಚಿದ್ವಿ. ಪಕ್ಷ ಬಂತಲ್ಲ, ವಾಸನೀನೂ ಹೋಗಿತ್ತು. ಬಾವಿ ಖಾಲಿ ಮಾಡಿಸಿ, ತಳ ತಿಕ್ಕಿಸಿ, ಮತ್ತ ಖಾಲಿ ಮಾಡಿಸಿದ್ವಿ. ಇಲಿ ಬಿದ್ದು ಸತ್ರೂ ಹಂಗ ಮಾಡ್ತೀವಿ, ಇದಕ್ಕ ಮಾಡಬ್ಯಾಡೇನು?”

“ನೀರು ಬಳಸಬ್ಯಾಡ್ರಿ ಅಂದಿದ್ದೆ.”

“ಬಳಸಿಲ್ಲವಾ. ಒಂದು ಹನಿ ಬಾಯಿಗೆ ಹಾಕಿಲ್ಲ. ಎಲ್ಲಾ ಮೋರಿಗೆ ಚೆಲ್ಲಿಸೀನಿ.”

ಬಾವಿಗೆ ಮೈಲಿಗೆಯಾದರೆ ಅದನ್ನು ಬರಿದು ಮಾಡಿ ಹೊಸ ನೀರು ಬರಿಸಿಕೊಳ್ಳುವುದು ನಮ್ಮವರ ಪದ್ಧತಿ. ನಾನು ಆ ಪದ್ಧತಿಯಲ್ಲೇ ಬೆಳೆದವಳು. ಆದರೂ ಅವರು ಹಾಗೆ ಮಾಡಬಹುದೆಂದು ನನಗೆ ಹೊಳೆದಿರಲಿಲ್ಲ. ಮೋಟರ್ ಹಚ್ಚಬೇಡಿ ಎಂದು ಕೂಡ ಹೇಳಿದ್ದೆ ಎಂದು ನನ್ನ ನೆನಪು. ಕುಡಿಯಬೇಡಿ ಎಂದಷ್ಟೇ ಹೇಳಿದ್ದೆ ಎಂದು ಅವರ ನೆನಪು. ಈ ವಿಷಯದಲ್ಲಿ ನಾನು ಅವರನ್ನೂ ನಂಬುತ್ತೇನೆ.

ಮನೆಯೊಳಗೆ ಹೋಗಿ ಸೊಸೆಯಿಂದ ಒಂದು ತಾಟಿನಲ್ಲಿ ಸಾರು ಹಾಕಿಸಿಕೊಂಡು ಬಂದು ಅವರ ಮುಂದೆ ವಾಲಿಸಿದೆ. ಮೇಲೆ ತೇಲುತ್ತಿದ್ದ ಒಗ್ಗರಣೆಯ ಎಣ್ಣೆ ಸಾರಿನ ಜೊತೆ ತಗ್ಗಿದ ಕಡೆಗೆ ಜಾರಿತು. ಬಾವಿ ಬರಿದಾದರೆ ಸುತ್ತಲಿನ ನೆಲದೊಳಗಿನ ನೀರು ಹೀಗೆಯೇ ಬಾವಿಯ ಕಡೆ ವಾಲುತ್ತದೆ, ಅದರ ಮೇಲೆ ತೇಲುವ ಎಣ್ಣೆಯೂ ಜಾರಿ ಬರುತ್ತದೆ ಎಂದೆ. ಕಾಕು ತಾಟನ್ನು ನೋಡಿದರು, ಬಾವಿಯನ್ನು ನೋಡಿದರು.

“ಅಂದ್ರ ನಾನೇ ಕರಕೊಂಡು ಬಂದೆ,” ಎಂದರು.

ಎಣ್ಣೆ ಅಲ್ಲಿ ಇತ್ತು, ಅದಕ್ಕೇ ಬಂತು ಎಂದೆ. ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ನಮ್ಮ ಕೊಳವೆಗಳಿಗೆ ಆ ಎಣ್ಣೆ ಕಾಣಿಸದೆ ಹೋದದ್ದೇಕೆ ಎಂದು ಅದೇ ದಿನ ಮಧ್ಯಾಹ್ನ ತಿಳಿಯಿತು. ಕೊಳವೆಯ ಮೈಯಲ್ಲಿ ನೀರು ಒಳಬರಲು ಸೀಳುಗಳಿರುತ್ತವೆ. ಮಳೆಗೆ ಅಂತರ್ಜಲ ಏರಿ ಸೀಳುಗಳೆಲ್ಲ ಮುಳುಗಿದ್ದವು. ಒಳಗೆ ಬರುತ್ತಿದ್ದುದು ಅಡಿಯ ನೀರು, ಮೇಲೆ ತೇಲುವ ಎಣ್ಣೆ ಹೊರಗೇ ನಿಂತಿತ್ತು. ಇಳಿಯುತ್ತಿದ್ದ ನಮ್ಮ ಅಂಕಿಗಳಲ್ಲಿ ಎಷ್ಟು ಪಾಲು ಗಾಳಿಯ ಗುಣವೋ, ಎಷ್ಟು ಪಾಲು ಮಳೆಯದೋ. ಗೋಡೆಯ ಬುಡದಲ್ಲಿ ಇಷ್ಟೊಂದು ಎಣ್ಣೆ ತೇಲುತ್ತಿರುವಾಗ ಬರೀ ಗಾಳಿ ಊದಿದರೆ ಸಾಲದು, ಮೊದಲು ಅದನ್ನು ತೆಗೆಯಬೇಕು.

ತೆಗೆಯಲು ಎಲ್ಲಕ್ಕಿಂತ ಒಳ್ಳೆಯ ಜಾಗ ಆ ಬಾವಿಯೇ ಆಗಿತ್ತು. ಅಡಿಯಲ್ಲಿ ಒಂದು ಸಣ್ಣ ಪಂಪು ಇಟ್ಟು ನೀರಿನ ಮಟ್ಟವನ್ನು ಸದಾ ಸ್ವಲ್ಪವೇ ತಗ್ಗಿಸಿಡುವುದು, ಸುತ್ತಲಿಂದ ಜಾರಿ ಬಂದ ಎಣ್ಣೆಯನ್ನು ಹಾಲಿನ ಕೆನೆಯಂತೆ ಮೇಲಿಂದ ತೆಗೆಯುವುದು, ಎತ್ತಿದ ನೀರನ್ನು ಸೋಸಿ ಬಿಡುವುದು, ಎಣ್ಣೆ ಬರುವುದು ನಿಂತ ಮೇಲೆ ಉಳಿದದ್ದನ್ನು ಗಾಳಿಗೂ ಸೂಕ್ಷ್ಮಜೀವಿಗಳಿಗೂ ಬಿಡುವುದು. ಮಾಲೀಕರು ಗೊಣಗಿಕೊಂಡೇ ಒಪ್ಪಿದರು, ಗ್ರಾನೈಟಿನ ಬಿರುಕುಗಳ ಮಾತು ಅವರಿಗೂ ಅರ್ಥವಾಗಿತ್ತು. ಬಾವಿಯ ಒಡತಿ ಒಪ್ಪಬೇಕಿತ್ತು. ಅವರು ಒಪ್ಪದಿದ್ದರೆ ಉಳಿಯುವುದು ಜೆಸಿಬಿ.

ಪಕ್ಷಮಾಸದ ನಡುವೆ ಒಂದು ಮಧ್ಯಾಹ್ನ ಹೋದೆ. ಬೇರೆ ವರ್ಷಗಳಲ್ಲಿ ಆ ಹೊತ್ತಿಗೆ ಅಲ್ಲಿ ಎಲೆ ಹಾಕುವ ಗದ್ದಲವಿರುತ್ತಿತ್ತು. ಈಗ ಒಲೆಯ ಕೋಣೆಗೆ ಬೀಗ. ಹೇಳಬೇಕಾದದ್ದನ್ನು ಹೇಳಿದೆ. ಕಾಕು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು.

“ಬಾವಿ ಉಳಿಸಲಿಕ್ಕೆ ಬಾವ್ಯಾಗೇ ಎಣ್ಣಿ ತುಂಬಸ್ತಿ.”

“ಹೌದ್ರಿ.”

“ಎಷ್ಟು ದಿನ?”

“ದಿನದ ಲೆಕ್ಕ ಅಲ್ಲರಿ. ವರ್ಷ ಆಗಬಹುದು, ಅದಕ್ಕಿಂತ ಹೆಚ್ಚೂ ಆಗಬಹುದು.”

“ಸೂತಕ ಬಂದ್ರ ಅದಕ್ಕೊಂದು ಬಿಡೋ ದಿನ ಇರ್ತದ. ನೀ ಬಿಡೋ ದಿನಾನೇ ಹೇಳವಲ್ಲಿ.”

“ಇದು ಪಂಚಾಂಗ ನೋಡಿ ಹೇಳೋದಲ್ಲರಿ ಕಾಕು, ನೀರು ನೋಡಿ ಹೇಳಬೇಕು.”

ಅವರು ನಕ್ಕರೋ, ಉಸಿರು ಬಿಟ್ಟರೋ.

“ಹಂಗಾದ್ರ ನೀನೇ ನೋಡು. ನನ್ನ ಮೂಗಂತೂ ನನಗ ಮೋಸ ಮಾಡ್ತು. ವಾಸನಿ ಹೋಗೇದ ಅಂತ ತಿಳಕೊಂಡಿದ್ದೆ, ಮೂಗೇ ಅದಕ್ಕ ಒಗ್ಗಿಕೊಂಡಿತ್ತು. ಮಾಡ್ರಿ. ಆದ್ರ ಗಡಗಡಿ ತಗೀಬ್ಯಾಡ್ರಿ.”

ಗಡಗಡಿ ತೆಗೆಯದೆಯೇ ಪಂಪು ಇಳಿಸಲು ಮೇಲ್ವಿಚಾರಕ ಪಟ್ಟ ಪಾಡು ಅವನಿಗೇ ಗೊತ್ತು. ರೊಟ್ಟಿ ಮತ್ತೆ ಸಿಗತೊಡಗಿತು.

ಆಮೇಲಿನ ಕಾಲದ ಬಗ್ಗೆ ಬರೆಯಲು ಹೆಚ್ಚಿಲ್ಲ. ಅಂಥ ಕೆಲಸ ಹೊರಗಿನವರ ಕಣ್ಣಿಗೆ ಏನೂ ಆಗದಂತೆಯೇ ನಡೆಯುತ್ತದೆ. ಮೊದಲು ಡ್ರಮ್ಮುಗಳಲ್ಲಿ ಎಣ್ಣೆ ಹೋಯಿತು, ಆಮೇಲೆ ಬಕೆಟ್ಟಿನಲ್ಲಿ, ಆಮೇಲೆ ಬರೀ ಬಣ್ಣದ ತೆಳುಪೊರೆ. ಸೀಳುಗಳ ಎತ್ತರ ಬದಲಿಸಿ ಹೊಸ ಕೊಳವೆಗಳನ್ನಿಳಿಸಿದೆವು. ಬ್ಲೋವರ್ ಗುಂಯ್ ಎನ್ನುತ್ತಲೇ ಇತ್ತು. ಕಾಕುವಿನ ಮನೆಗೆ ಬರುತ್ತಿದ್ದವರು ಒಬ್ಬೊಬ್ಬರಾಗಿ ಮಠಕ್ಕೆ ಒಗ್ಗಿಕೊಂಡರು. ಕೆಲವರು ಫ್ಲ್ಯಾಟಿನಲ್ಲೇ ಕ್ಯಾನ್ ನೀರು ತರಿಸಿ ತಿಥಿ ಮಾಡತೊಡಗಿದರು ಎಂದು ಕೇಳಿದಾಗ ಕಾಕು, ಕ್ಯಾನಿಗೆ ಮಡಿ ಉಡಿಸುತ್ತಾರೇನು ಎಂದು ಕೇಳಿದರಂತೆ. ಆ ನಡುವೆಯೇ ನನ್ನ ಅಪ್ಪ ತೀರಿಕೊಂಡರು. ಮೊದಲ ವರ್ಷದ ಕರ್ಮಗಳೆಲ್ಲ ಮಠದಲ್ಲಾದವು.

ನೀರಿನ ವರದಿ ಮೊದಲ ಸಲ ಶುದ್ಧವೆಂದು ಬಂದಾಗ ನಾನು ಕಾಕುವಿಗೆ ಹೇಳಲಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ, ಮಳೆಗೆ ಏರಿದಾಗ ಬಿರುಕುಗಳಲ್ಲಿ ಅಡಗಿದ ಎಣ್ಣೆ ಮತ್ತೆ ಹೊರಬರಬಹುದು. ಪಂಪು ನಿಲ್ಲಿಸಿ ಒಂದು ಬೇಸಿಗೆಯನ್ನೂ ಒಂದು ಮಳೆಗಾಲವನ್ನೂ ದಾಟಿಸಿದೆವು. ಪ್ರತಿ ವರದಿಯೂ ಸರಿಯಾಗಿಯೇ ಬಂತು. ಆಮೇಲೆ ಪಂಪು ಎತ್ತಿದೆವು. ಅಮ್ಮನಿಗೆ ಅದನ್ನು ತಿಳಿಸಿದಾಗ, ಈ ಸಲದ ತಿಥಿ ಎಲ್ಲಿ ಎಂದು ಕೇಳಿದರು. ನಾನು ವರದಿ ತೋರಿಸಿದೆ.

“ನಿನ್ನ ಮಷಿನ್ನು ಅನ್ನ ಉಣ್ಣತದೇನು?” ಎಂದರು. “ನಾ ಬಂದು ನೋಡ್ತೀನಿ.”

ಒಂದು ಭಾನುವಾರ ಕರೆದುಕೊಂಡು ಹೋದೆ. ಕಾಕು ಆ ನೀರಿನಲ್ಲಿ ಉಪ್ಪಿಲ್ಲದೆ ಬರೀ ಅನ್ನ ಮಾಡಿದ್ದರು. ಕುದಿಸಿದರೆ ಅಡಗಿದ ವಾಸನೆಯೂ ಹೊರಬರುತ್ತದೆಂದು ಅವರ ಲೆಕ್ಕ. ಆದರೆ ತಮ್ಮ ಮೂಗನ್ನು ಅವರು ನಂಬುತ್ತಿರಲಿಲ್ಲ, ನನ್ನದು ದಿನವೂ ಡೀಸೆಲ್ ಮೂಸುವ ಮೂಗು. ಹೊಸ ಮೂಗೆಂದರೆ ಅಮ್ಮನದೊಂದೇ. ಅಮ್ಮ ತಪ್ಪಲೆಯ ಮುಚ್ಚಳ ತೆಗೆದು ಆವಿಗೆ ಮುಖ ಒಡ್ಡಿದರು. ಒಂದು ತುತ್ತು ಬಾಯಲ್ಲಿಟ್ಟುಕೊಂಡು ಅಗಿದರು. ಕಾಕು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ನಾನು ಎಷ್ಟೋ ಪ್ರಯೋಗಾಲಯಗಳ ಉತ್ತರಕ್ಕೆ ಕಾದಿದ್ದೇನೆ, ಹಾಗೆ ಎಲ್ಲೂ ಕಾದಿಲ್ಲ.

“ಅನ್ನ ಅನ್ನದಂಗ ಅದ ವೈನಿ,” ಎಂದರು ಅಮ್ಮ, ಕಾಕುವನ್ನು ಅತ್ತಿಗೆಯೆಂದು ಕರೆಯುವ ತಮ್ಮ ರೂಢಿಯಂತೆ. “ಸ್ವಲ್ಪ ಮೆತ್ತಗಾಗೇದ, ಅಷ್ಟ.”

“ಮೆತ್ತಗ? ನಾ ಮಾಡಿದ್ದು?”

“ಭಾಳ ದಿನ ಆತಲ್ಲರಿ, ಕೈ ತಪ್ಪಿರಬೇಕು.”

ಅನ್ನದ ಬಗ್ಗೆ ಅವರಿಬ್ಬರ ವಾದ ಮುಗಿಯುವವರೆಗೆ ನಾನು ಹಿತ್ತಿಲಲ್ಲಿ ಅಡ್ಡಾಡಿದೆ. ನಾನೂ ಒಂದು ತುತ್ತು ತಿಂದಿದ್ದೆ. ತುತ್ತಿನ ತುದಿಯಲ್ಲಿ ಏನೋ ಇದ್ದಂತೆ ಅನಿಸಿತ್ತು. ಅಂಕಿಗಳು ಇಲ್ಲ ಎನ್ನುತ್ತಿದ್ದವು, ಅಮ್ಮ ಇಲ್ಲ ಎಂದಿದ್ದರು. ಅಷ್ಟು ದಿನ ಒಂದನ್ನೇ ಹುಡುಕಿದವರಿಗೆ ಅದು ಇಲ್ಲದ ಕಡೆಯೂ ಸಿಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಅಪ್ಪನ ಶ್ರಾದ್ಧ ಅಲ್ಲಿಯೇ ಆಯಿತು. ಕರ್ಮಕ್ಕೆ ನನ್ನ ತಮ್ಮ ಕೂತ. ಕಾಕುವಿನ ಮನೆಯಲ್ಲಿ ಮತ್ತೆ ಎಲೆ ಹಾಕಿದ್ದು ಅಂದೇ ಮೊದಲು, ಬಂದಿದ್ದು ನಮ್ಮ ಮನೆಯೊಂದೇ. ಬೆಳಿಗ್ಗೆ ನಾನು ಹಿತ್ತಿಲಿಗೆ ಹೋದಾಗ ಅವರು ಒದ್ದೆ ಸೀರೆಯಲ್ಲಿ ಬಾವಿಯ ಕಟ್ಟೆಗೆ ಮೊಣಕಾಲು ಊರಿ ಹಗ್ಗ ಇಳಿಬಿಡುತ್ತಿದ್ದರು. ಗಡಗಡಿಗೆ ಎಣ್ಣೆ ಹಾಕಿರಲಿಲ್ಲ, ಕಿರ್ರೆನ್ನುತ್ತಿತ್ತು. ನನ್ನದು ಮೈಲಿಗೆ ಬಟ್ಟೆ. ಹತ್ತಿರ ಹೋಗುವಂತಿಲ್ಲ, ನಾನು ನಿಂತ ಕಡೆಯಿಂದ ಬಾವಿಯೊಳಗಿನ ನೀರು ಕಾಣುವಂತಿಲ್ಲ, ಚೀಲದಲ್ಲಿದ್ದ ನೀರು ಪರೀಕ್ಷಿಸುವ ಮೀಟರನ್ನು ಹೊರತೆಗೆಯುವ ಮಾತೇ ಇಲ್ಲ. ಕೊಡ ನೀರಿಗೆ ಬಿದ್ದ ಸದ್ದು ಕೇಳಿತು.

“ಕಾಕು, ಮ್ಯಾಲೆ ಬಣ್ಣ ಗಿಣ್ಣ ಕಾಣ್ತದೇನ್ರಿ?” ಎಂದೆ.

ಅವರು ಬಗ್ಗಿ ನೋಡಿದರು.

“ನೀರಾಗ ನನ್ನ ಮಾರಿ ಕಾಣ್ತದ. ಸರಿ ಅತ್ಲಾಗ, ಮುಟ್ಟಿಗಿಟ್ಟೀ.”

ನಾನು ಸರಿದು ನಿಂತೆ. ಅವರು ಹಗ್ಗ ಎಳೆಯತೊಡಗಿದರು.